ಸಯೊನಾರ ಅಲ್ಲ ಅಜ್ಜ, ಹೋಗಿ ಬಾ

(1/3)

ಹೋದ ವಾರ ಸ್ಟೋರಿಯಲ್ಲಿ "ಹಜಿಮೆಮಶಿತೆ" ಅಂತ ಹಾಕಿದ್ದಕ್ಕೆ ಕ್ಲಾಸಿನ ಅರ್ಧ ಜನ "ಎಂತ ಇದು, ಅನಿಮೆ ಹುಚ್ಚಾ?" ಅಂತ ಮೆಸೇಜ್ ಮಾಡಿದ್ರಿ. ಇವತ್ತು ಪೂರ್ತಿ ಹೇಳ್ತೇನೆ.

ನನ್ನ ದೊಡ್ಡಮ್ಮನ ಮಗಳು ನರ್ಸಿಂಗ್ ಮುಗಿಸಿ ಜಪಾನಿಗೆ ಹೊರಟವಳು. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ, ಅವರ ಭಾಷೆಯಲ್ಲಿ "ಕೈಗೊ". 2021ರಲ್ಲಿ ಭಾರತ, ಜಪಾನ್ ಸರ್ಕಾರಗಳು ಒಪ್ಪಂದ ಮಾಡಿಕೊಂಡ ಮೇಲೆ ತೆರೆದ ದಾರಿ ಇದು. ಕೆಲಸದ ಪರೀಕ್ಷೆಯ ಜೊತೆಗೆ ಭಾಷೆಯ ಪರೀಕ್ಷೆಯೂ ಪಾಸಾಗ್ಬೇಕು. ಜೆಎಲ್‌ಪಿಟಿ ಅಂತ ಉಂಟು, ಎನ್5 ಸುಲಭದ್ದು, ಎನ್1 ಅತೀ ಕಷ್ಟದ್ದು. ಅವಳು ಎನ್4 ಬರೆದಳು. ತಮಾಷೆ ಎಂತ ಗೊತ್ತುಂಟಾ? ಆ ಪರೀಕ್ಷೆಯಲ್ಲಿ ಮಾತಾಡ್ಲಿಕ್ಕೇ ಇಲ್ಲ! ಆದ್ರೆ ಇಂಟರ್‌ವ್ಯೂನಲ್ಲಿ ಬಾಯಿ ಬಿಡ್ಲೇಬೇಕಲ್ಲ. ಹಾಗಾಗಿ ರಾತ್ರಿ ಊಟ ಆದ ಮೇಲೆ ಅವಳೆದುರು ಕೂತು ಜಪಾನಿ ಬಾಸ್ ಆಗುವ ಡ್ಯೂಟಿ ನನ್ನದಾಯ್ತು.

ನಂಗೆ ಸೆಲ್ಫ್ ಇಂಟ್ರೊಡಕ್ಷನ್ ಅಂದ್ರೇ ಹೆದರಿಕೆ. ನಿಮ್ಗೆ ನೆನಪಿರ್ಬಹುದು, ಫಸ್ಟ್ ಇಯರ್ ಮೊದಲ ದಿನ. ಹತ್ತನೇವರೆಗೆ ಕನ್ನಡ ಮೀಡಿಯಂ ಓದಿದ ನಾನು ಎದ್ದು ನಿಂತು "ಮೈಸೆಲ್ಫ್..." ಅಂದವನು ಹೆಸರು ಹೇಳಿ ಅಲ್ಲೇ ನಿಂತೆ. ಊರು ಯಾವುದು ಅಂತಲೂ ಹೇಳ್ಲಿಕ್ಕೆ ಆಗ್ಲಿಲ್ಲ. ಹಿಂದಿನ ಬೆಂಚಿನ ನಗು ಇವತ್ತಿಗೂ ಕಿವಿಯಲ್ಲಿ ಉಂಟು. (ನಕ್ಕವರು ಈಗ ನನ್ನ ಫ್ರೆಂಡ್ಸೇ. ಲೈಕ್ ಮಾಡಿ ಪಾಪ ಕಳ್ಕೊಳ್ಳಿ.)

(2/3)

ಅಕ್ಕ ಮೊದಲ ದಿನ ಹೇಳಿದ್ದು ಇಷ್ಟೇ: "ನಾಲ್ಕು ವಾಕ್ಯ. ಎಲ್ಲರೂ ಹೇಳುವುದು ಇದನ್ನೇ. ಸ್ಟೈಲ್ ಬೇಡ."

ಹಜಿಮೆಮಶಿತೆ. (ಮೊದಲ ಸಲ ಭೇಟಿ ಆಗ್ತಾ ಇದ್ದೇವೆ.)
ಹೆಸರು, ಆಮೇಲೆ ದೆಸು. (ಕೊನೆಯ "ಉ" ನುಂಗಿ "ದೆಸ್" ಅಂದ್ರೆ ಸಾಕು.)
ಇಂದೊ ನೊ ಮಂಗರೂರು ಕರ ಕಿಮಶಿತ.
ಯೊರೊಶಿಕು ಒನೆಗೈಶಿಮಸು.

ಮೂರನೇ ವಾಕ್ಯ ನೋಡಿ. ಇಂದೊ ನೊ: ಇಂಡಿಯಾದ. ಮಂಗರೂರು ಕರ: ಮಂಗಳೂರಿಂದ. ಕಿಮಶಿತ: ಬಂದೆ. ಪದದ ಕೆಳಗೆ ಪದ ಇಟ್ಟರೆ ಸೀದಾ ಕನ್ನಡ! ಕ್ರಿಯಾಪದ ಕೊನೆಗೆ, "ಇಂದ" ಊರಿನ ಹೆಸರಿನ ಹಿಂದೆ. ಇಂಗ್ಲಿಷಿಗೆ ಬೇಕಾದ ಉಲ್ಟಾ ಮಾಡುವ ಕೆಲಸವೇ ಇಲ್ಲ. "ವತಾಶಿ ವ", ಅಂದ್ರೆ "ನಾನು", ಅಂತ ಪ್ರತೀ ಸಲ ಹೇಳ್ಬೇಕಂತಲೂ ಇಲ್ಲ. ನಾವೂ "ಕುಡ್ಲದಿಂದ ಬಂದದ್ದು" ಅಂತ ಬಿಡ್ತೇವಲ್ಲ, ಹಾಗೇ.

ಅವರಲ್ಲಿ "ಲ", "ಳ" ಎರಡೂ ಇಲ್ಲ, ಹಾಗಾಗಿ ಮಂಗಳೂರು ಹೋಗಿ ಮಂಗರೂರು. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ಇಷ್ಟು ಹೆಸರಿರುವ ಊರಿಗೆ ಇನ್ನೊಂದು ಭಾರ ಆಗ್ಲಿಕ್ಕಿಲ್ಲ.

ತಪ್ಪು ಮಾಡಿದ್ದೂ ಉಂಟು. ನನ್ನ ಹೆಸರಿಗೆ ನಾನೇ "ಸನ್" ಸೇರಿಸಿದೆ. ಅಕ್ಕ ನಕ್ಕು ನಕ್ಕು ಸುಸ್ತು. "ನಾನು ಸುರೇಶ್‌ರವರು ಅಂತ ಯಾರಾದ್ರೂ ಹೇಳ್ತಾರಾ? ಆ ಮರ್ಯಾದೆ ಬೇರೆಯವರಿಗೆ ಕೊಡ್ಲಿಕ್ಕೆ." ಇನ್ನೊಂದು ದಿನ ಅವಳೇ ಎಡವಿದಳು. ಒಬಸನ್ ಅಂದ್ರೆ ಚಿಕ್ಕಮ್ಮ, ಅತ್ತೆ. ಒಬಾಸನ್ ಅಂದ್ರೆ ಅಜ್ಜಿ. ಒಂದು ದೀರ್ಘ ತಪ್ಪಿದ್ರೆ ಸಂಬಂಧವೇ ಬದಲು! "ಒಂದನೇ ಕ್ಲಾಸಲ್ಲಿ ಟೀಚರ್ ಹ್ರಸ್ವ ದೀರ್ಘಕ್ಕೆ ಬೆತ್ತ ತೋರಿಸಿದ್ದು ಇದಕ್ಕೇ" ಅಂದೆ.

ಕೊನೆಯ ವಾಕ್ಯಕ್ಕೆ ಸರಿಯಾದ ಕನ್ನಡ ಸಿಗ್ಲಿಕ್ಕಿಲ್ಲ. "ನನ್ನ ಮೇಲೆ ಸ್ವಲ್ಪ ಒಳ್ಳೆ ಮನಸ್ಸಿರ್ಲಿ" ಅಂದ ಹಾಗೆ. ಹೇಳುವಾಗ ತಲೆ ಬಗ್ಗಿಸ್ಬೇಕು. ನಾನು ಎಷ್ಟು ದೊಡ್ಡ ಜನ ಅಂತ ಸಾಬೀತು ಮಾಡುವ ಕೆಲಸ ಅದರಲ್ಲಿ ಇಲ್ಲ. ಬಂದಿದ್ದೇನೆ, ನೋಡಿಕೊಳ್ಳಿ, ಅಷ್ಟೇ. ಫಸ್ಟ್ ಇಯರಲ್ಲಿ ಯಾರಾದ್ರೂ ನಂಗೆ ಇದನ್ನು ಹೇಳಿಕೊಟ್ಟಿದ್ರೆ ಅಂತ ಅನಿಸ್ತು.

(3/3)

ಅಕ್ಕನಿಗೆ ಕೆಲಸ ಸಿಕ್ಕಿತು. ಈ ವೀಸಾದಲ್ಲಿ ಒಟ್ಟು 5 ವರ್ಷದವರೆಗೆ ಇರಬಹುದು, ಮನೆಯವರನ್ನು ಕರ್ಕೊಂಡು ಹೋಗುವ ಹಾಗಿಲ್ಲ. ಅಜ್ಜನಿಗೆ ಈಗ 81. ಆ ಲೆಕ್ಕವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಮಾಡ್ಲಿಲ್ಲ. ಬಿಕಾಂ ಓದುವ ನಾನೂ ಮಾಡ್ಲಿಲ್ಲ. ಬೇರೆಯವರ ಅಜ್ಜ ಅಜ್ಜಿಯನ್ನು ನೋಡಿಕೊಳ್ಳಲಿಕ್ಕೆ ನಮ್ಮ ಅಜ್ಜನನ್ನು ಬಿಟ್ಟು ಹೋಗುವುದಲ್ಲ ಅಂತ ಅಕ್ಕ ಒಂದೇ ಒಂದು ಸಲ ಹೇಳಿದಳು, ಬಟ್ಟೆ ಮಡಚುತ್ತಾ. ನಂಗೆ ಉತ್ತರ ಗೊತ್ತಿರ್ಲಿಲ್ಲ. ಸೂಟ್‌ಕೇಸಿನ ಝಿಪ್ ಎಳೆದು ಕೊಟ್ಟೆ.

ಹೊರಡುವ ದಿನ ಬೆಳಿಗ್ಗೆ ಬಜ್ಪೆಗೆ ಹೋಗ್ಲಿಕ್ಕೆ ಕಾರು ಬಂತು. ಅಜ್ಜ ಜಗಲಿಯಲ್ಲಿ ನಿಂತು ಕೈ ಎತ್ತಿ "ಸಯೊನಾರ!" ಅಂದ್ರು. ಅವರಿಗೆ ಬರುವ ಒಂದೇ ಜಪಾನಿ ಪದ, 1966ರ "ಲವ್ ಇನ್ ಟೋಕಿಯೋ" ಸಿನಿಮಾದ ಹಾಡಿನದ್ದು. ಎಲ್ಲರೂ ನಕ್ಕೆವು. ಅಕ್ಕ ಮಾತ್ರ ಚಪ್ಪಲಿ ಬಿಚ್ಚಿ ವಾಪಸ್ ಜಗಲಿ ಹತ್ತಿದಳು.

"ಅಜ್ಜ, ಅದನ್ನು ಹೇಳ್ಬಾರ್ದು. ತುಂಬಾ ದಿನಕ್ಕೆ ಬಿಟ್ಟು ಹೋಗುವವರಿಗೆ ಹೇಳುವುದು ಅದು. ಮನೆಯಿಂದ ಹೊರಡುವವರು ಇತ್ತೆಕಿಮಸ್ ಅಂತಾರೆ. ಮನೆಯಲ್ಲಿ ಇರುವವರು ಇತ್ತೆರಶ್ಶೈ ಅನ್ನಬೇಕು."

ಇತ್ತೆ ಅಂದ್ರೆ ಹೋಗಿ, ಕಿಮಸ್ ಅಂದ್ರೆ ಬರ್ತೇನೆ. ನಮ್ಮಲ್ಲೂ ಬಾಗಿಲಲ್ಲಿ ನಿಂತು "ಹೋಗ್ತೇನೆ" ಅಂದ್ರೆ ಅಮ್ಮ ಬೈತಾರಲ್ಲ, "ಬರ್ತೇನೆ ಅನ್ನು" ಅಂತ!

ಅಜ್ಜನಿಗೆ "ಇತ್ತೆರಶ್ಶೈ" ನಾಲಿಗೆಗೆ ಹತ್ತಲಿಲ್ಲ. ಎರಡು ಸಲ ಪ್ರಯತ್ನ ಮಾಡಿದ್ರು. ಆಮೇಲೆ ಅವಳ ತಲೆ ಮೇಲೆ ಕೈ ಇಟ್ಟು ತುಳುವಿನಲ್ಲಿ "ಪೋದು ಬಲ ಮಗಾ" ಅಂದ್ರು.

ಇತ್ತೆರಶ್ಶೈ ಅಂದ್ರೆ ಅದೇ. ಹೋಗಿ ಬಾ.

ಈಗ ಅವಳು ದಿನಾ ಫೋನ್ ಮಾಡ್ತಾಳೆ. ಕಾಲ್ ಕಟ್ ಮಾಡುವ ಮೊದಲು ಅಜ್ಜ ಪ್ರತಿ ಸಲ "ಬಲ" ಅಂತಾರೆ. ನಾನು ರಾತ್ರಿ ಎನ್5 ಪುಸ್ತಕ ತೆಗೆದು ಕೂತ್ಕೊಳ್ತೇನೆ. ಎದುರಿಗೆ ಬಾಸ್ ಇಲ್ಲ, ಕನ್ನಡಿ ಉಂಟು.

ನಿಮ್ಮ ಮನೆಯಲ್ಲಿ ಹೊರಡುವಾಗ ಎಂತ ಹೇಳ್ತೀರಿ? ತುಳು, ಕೊಂಕಣಿ, ಬ್ಯಾರಿ, ಹವ್ಯಕ, ಯಾವುದಾದ್ರೂ ಸರಿ, ಕಮೆಂಟಲ್ಲಿ ಬರೀರಿ. ಅಕ್ಕನಿಗೆ ಎಲ್ಲ ಓದಿ ಹೇಳ್ತೇನೆ.

ಯೊರೊಶಿಕು ಒನೆಗೈಶಿಮಸು 🙏

#ಕುಡ್ಲ #ಬಿಕಾಂಕಥೆಗಳು #ಹೋಗಿಬಾ