ಎರಡನೇ ಟೀಮು, ಪೂರ್ತಿ ದುಡ್ಡು

ಕ್ರಿಕೆಟ್ ಬೋರ್ಡುಗಳ ದುಡ್ಡಿನ ಜಗಳ ಸುದ್ದಿಯಾದಾಗಲೆಲ್ಲ ನನಗೆ 2021ರ ಜುಲೈ ನೆನಪಾಗುತ್ತೆ. ಕೊಹ್ಲಿ, ರೋಹಿತ್, ಬುಮ್ರಾ ಎಲ್ಲ ಇಂಗ್ಲೆಂಡಿನಲ್ಲಿದ್ದರು. ಅದೇ ಹೊತ್ತಿಗೆ ಶ್ರೀಲಂಕಾಕ್ಕೆ ಇನ್ನೊಂದು ಟೀಮು ಹೋಯ್ತು. ಶಿಖರ್ ಧವನ್ ಕ್ಯಾಪ್ಟನ್, ನಮ್ಮ ದ್ರಾವಿಡ್ ಕೋಚ್. ಒಂದು ದೇಶ, ಎರಡು ಟೀಮು ಅಂತ ನಾವಿಲ್ಲಿ ಬೀಗುತ್ತಿದ್ದೆವು.

ಅಲ್ಲಿ ಅರ್ಜುನ ರಣತುಂಗ ಮಾತ್ರ ಸಿಡಿದುಬಿದ್ದರು. ಎರಡನೇ ದರ್ಜೆ ಟೀಮು ಕಳಿಸೋದು ನಮ್ಮ ಕ್ರಿಕೆಟ್ಟಿಗೆ ಅವಮಾನ, ಟೀವಿ ದುಡ್ಡಿಗೋಸ್ಕರ ನಮ್ಮ ಬೋರ್ಡು ಇದಕ್ಕೆ ಒಪ್ಪಿದೆ ಅನ್ನೋದು ಅವರ ಸಿಟ್ಟು. ಅದಕ್ಕೆ ಅವರದೇ ಬೋರ್ಡು ಏನಂತು ಗೊತ್ತಾ? ಬಂದಿರೋ 20 ಜನರಲ್ಲಿ 14 ಮಂದಿ ಈಗಾಗಲೇ ಇಂಡಿಯಾಕ್ಕೆ ಆಡಿದವರು ಅಂತ ಲೆಕ್ಕ ಒಪ್ಪಿಸಿತು. ವಿಶ್ವಕಪ್ ಗೆದ್ದುಕೊಟ್ಟ ಸ್ವಂತ ಕ್ಯಾಪ್ಟನ್ನಿಗೆ ಪಕ್ಕದ ಮನೆಯವರ ಪರವಾಗಿ ಸಮಜಾಯಿಷಿ!

ಅವರಿಗೆ ಬೇರೆ ದಾರಿಯೂ ಇರಲಿಲ್ಲ ಅನ್ನಿ. ಎರಡು ದೇಶಗಳ ಸರಣಿಯಲ್ಲಿ ಟೀವಿ ಹಕ್ಕಿನ ದುಡ್ಡು ಆತಿಥೇಯ ಬೋರ್ಡಿಗೆ, ಬಂದವರಿಗೆ ಅದರಲ್ಲಿ ಪಾಲಿಲ್ಲ. ಆದರೆ ಆ ಹಕ್ಕಿಗೆ ಎಷ್ಟು ಬೆಲೆ ಅನ್ನೋದು ಬರುವವರು ಯಾರು ಅನ್ನೋದರ ಮೇಲೆ. ಇಂಡಿಯಾ ಬಂದರೆ ಸುಗ್ಗಿ. 2020ರಲ್ಲಿ ಆಗಬೇಕಿದ್ದ ಟೂರು ಕೊರೋನಾದಿಂದ ಮುಂದೆ ಹೋಗಿತ್ತು. ಅಂಥ ಹೊತ್ತಿನಲ್ಲಿ ಯಾರನ್ನು ಕಳಿಸ್ತೀರಿ ಅಂತ ಕೇಳೋಕೆ ಬಾಯಿ ಬರುತ್ತಾ?

ಇನ್ನೊಂದು ಮಾತನ್ನೂ ಹೇಳಲೇಬೇಕು. ಟೂರಿನ ನಡುವೆ ಕೃಣಾಲ್ ಪಾಂಡ್ಯಗೆ ಕೊರೋನಾ ಬಂದು, ಜೊತೆಗಿದ್ದವರೂ ಸೇರಿ ಒಂಬತ್ತು ಆಟಗಾರರು ಹೊರಗುಳಿದರು. ಆಗ ನಮ್ಮ ಬೋರ್ಡು ಟೀಮನ್ನು ವಾಪಸ್ ಕರೆಸಿಕೊಂಡಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಕರೆಸಿಕೊಳ್ಳಲಿಲ್ಲ. ಉಳಿದವರನ್ನೇ ಒಟ್ಟುಮಾಡಿ ಆಡಿಸಿದರು. ನಮ್ಮ ದೇವದತ್ತ ಪಡಿಕ್ಕಲ್ ಇಂಡಿಯಾ ಪರ ಮೊದಲ ಸಲ ಆಡಿದ್ದು ಹಾಗೆ. ಕೊನೆಯ ಟಿ20ಯಲ್ಲಿ ನಾವು 8 ವಿಕೆಟ್ಟಿಗೆ 81, ಸರಣಿ 2-1ರಿಂದ ಶ್ರೀಲಂಕಾಕ್ಕೆ.

ರಣತುಂಗರ ಸಿಟ್ಟು ನನಗೆ ಅರ್ಥವಾಗೋದು 1996ರಿಂದ. ಆ ಜನವರಿ 31ರಂದು ಕೊಲಂಬೊದ ಸೆಂಟ್ರಲ್ ಬ್ಯಾಂಕಿನಲ್ಲಿ ಬಾಂಬ್ ಸ್ಫೋಟ. ವಿಶ್ವಕಪ್ಪಿನ ಪಂದ್ಯಕ್ಕೆ ಅಲ್ಲಿಗೆ ಬರಲ್ಲ ಅಂದವು ಆಸ್ಟ್ರೇಲಿಯಾ, ವೆಸ್ಟ್ ಇಂಡೀಸ್. ಆಗ ಇಂಡಿಯಾ, ಪಾಕಿಸ್ತಾನ ಸೇರಿ ಒಂದೇ ಟೀಮು ಮಾಡಿ ಕೊಲಂಬೊಗೆ ಹೋಗಿ ಆಡಿಬಂದವು. ಅಜರ್ ಕ್ಯಾಪ್ಟನ್, ಜೊತೆಗೆ ವಾಸಿಂ ಅಕ್ರಂ, ನಮ್ಮ ಕುಂಬ್ಳೆ. ಐಸಿಸಿಯಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾದ ವೀಟೋ ರದ್ದಾಗಿದ್ದು 1993ರಲ್ಲಿ. ಆ ದೊಡ್ಡಣ್ಣಂದಿರ ಎದುರು ಈ ಮೂವರು ಒಟ್ಟಿಗೆ ನಿಂತಿದ್ದ ಕಾಲ ಅದು.

2023ರಲ್ಲಿ ಐಸಿಸಿ 2024-27ರ ಹಂಚಿಕೆ ಮಾಡಿತು. ಪತ್ರಿಕೆಗಳಲ್ಲಿ ಬಂದ ಲೆಕ್ಕದ ಪ್ರಕಾರ ನಮ್ಮ ಬಿಸಿಸಿಐಗೆ 38.5%, ಇಂಗ್ಲೆಂಡಿಗೆ 6.89%, ಶ್ರೀಲಂಕಾಕ್ಕೆ 4.52%. ಹೆಚ್ಚಿನ ದುಡ್ಡು ನಮ್ಮ ಟೀವಿ ಮಾರುಕಟ್ಟೆಯಿಂದಲೇ ಬರೋದು, ಅದಕ್ಕೇ ನಮಗೆ ಹೆಚ್ಚು ಪಾಲು ಅನ್ನೋ ವಾದ. ಪೂರ್ತಿ ಸುಳ್ಳಲ್ಲ. ಆದರೆ ತಾಳಮದ್ದಳೆ ಕೇಳಿದವರಿಗೆ ಗೊತ್ತು, ಎದುರಿನ ಅರ್ಥಧಾರಿ ಎದ್ದುಹೋದರೆ ಎಂಥಾ ಮಾತುಗಾರ ಕೃಷ್ಣನೂ ಸುಮ್ಮನೆ ಕೂರಬೇಕು.

ಹಾಗೆ ಆಗಿದೆ ಕೂಡ. 2014ರ ಅಕ್ಟೋಬರಿನಲ್ಲಿ ವೆಸ್ಟ್ ಇಂಡೀಸ್ ಆಟಗಾರರು ಸಂಬಳದ ಜಗಳದಲ್ಲಿ ಧರ್ಮಶಾಲಾದಿಂದಲೇ ಟೂರು ಬಿಟ್ಟು ಹೊರಟರು. ಬಿಸಿಸಿಐ ಅವರ ಬೋರ್ಡಿನಿಂದ ಸುಮಾರು 4.2 ಕೋಟಿ ಡಾಲರ್ ಪರಿಹಾರ ಕೇಳಿತು. ಸರಿ, ಖಾಲಿಯಾದ ದಿನಗಳಿಗೆ ಎದುರಾಳಿ? ಫೋನ್ ಹೋಗಿದ್ದು ಕೊಲಂಬೊಗೆ. ತಯಾರಿಗೂ ಸಮಯವಿಲ್ಲದೆ ಬಂದ ಶ್ರೀಲಂಕಾ ಐದು ಒಂದು ದಿನದ ಪಂದ್ಯ ಆಡಿ ಐದನ್ನೂ ಸೋತು ಹೋಯ್ತು. ಈಡನ್ ಗಾರ್ಡನ್ಸಿನಲ್ಲಿ ರೋಹಿತ್ ಶರ್ಮಾ 264 ಹೊಡೆದದ್ದು ಆ ಸರಣಿಯಲ್ಲೇ.