ಮುದ್ದೆ ಅವಳಿಗೆ, ತುಂಡು ಅಣ್ಣಂದಿರಿಗೆ

3000 ಮೀಟರ್ ಓಟದ ನಮ್ಮ ಹುಡುಗಿ ಎರಡೇ ಸುತ್ತಿಗೆ ಏದುಸಿರು ಬಿಡತೊಡಗಿದಳು. ಸೋಮಾರಿತನವೆಂದು ಗದರಿದೆ, ವರ್ಷವರ್ಷವೂ ಹಿಮೋಗ್ಲೋಬಿನ್ ಪಾಠ ಹೇಳುವ ನಾನೇ! ರಕ್ತಪರೀಕ್ಷೆಯಲ್ಲಿ ಸಿಕ್ಕಿದ್ದು 9 ಗ್ರಾಂ. 12 ಆದರೂ ಇರಬೇಕು. ವೈದ್ಯರು ಕಬ್ಬಿಣದ ಮಾತ್ರೆ ಬರೆದರು.

"ಭಾನುವಾರ ಮಟನ್ ತಪ್ಪೋದಿಲ್ಲ ಸಾರ್" ಎಂದರು ತಂದೆ. ವಿಚಾರಿಸಿದರೆ, ತುಂಡುಗಳೆಲ್ಲ ಅಣ್ಣಂದಿರಿಗೆ. ಇವಳಿಗೆ ಮುದ್ದೆ, ಬರೀ ಸಾರು. ಊಟವಾದೊಡನೆ ಚಹಾ ಬೇರೆ. ಅದು ಕಬ್ಬಿಣ ಹೀರಿಕೆಗೆ ಅಡ್ಡಿ.

ಓಡುವ ಶಕ್ತಿ ಮುದ್ದೆಯದೇ, ನಿಜ. ಆದರೆ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಕಬ್ಬಿಣ ಬೇಕು. ಸೊಪ್ಪಿನದಕ್ಕಿಂತ ಮಾಂಸದ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. (ಸಸ್ಯಾಹಾರಿಯಾದ ನಾನು ಸೊಪ್ಪು-ಕಾಳಿಗೆ ನಿಂಬೆ ಹಿಂಡಿಕೊಳ್ಳುತ್ತೇನೆ, ಅದೂ ನೆರವಾಗುತ್ತದೆ.)

ಮುಂದಿನ ಭಾನುವಾರ ತಾಯಿ ಮೊದಲು ಬಡಿಸಿದ್ದು ಮಗಳಿಗಂತೆ. ಮೂರು ತಿಂಗಳ ಮೇಲೆ ಏಳೂವರೆ ಸುತ್ತನ್ನೂ ನಿಲ್ಲದೆ ಓಡಿದಳು. ನಾನು ಗದರಿದ್ದನ್ನು ಮಾತ್ರ ಅವಳಿನ್ನೂ ಮರೆತಿಲ್ಲ.