ಬಯಲುಸೀಮೆಯವರ ಬೆಟ್ಟ

ತಿಕೋಟಾ, ಬಬಲೇಶ್ವರಗಳ ಎರೆಹೊಲಗಳ ನಡುವೆ ಬೆಳೆದ ನಮಗೆ ಬೆಟ್ಟವೆಂದರೆ ಶ್ರೀಶೈಲ. ಯುಗಾದಿಗೆ ಮುನ್ನ ವಿಜಯಪುರ ಸೀಮೆಯ ಸದ್ಭಕ್ತರು ಕಂಬಿಯೊಡನೆ ಕಾಲ್ನಡೆಯಲ್ಲಿ ಹೊರಟು, ಆತ್ಮಕೂರಿನ ಆಚೆ ವೆಂಕಟಾಪುರದಲ್ಲಿ ನಲ್ಲಮಲದ ಅಡವಿಯನ್ನು ಹೊಗುವರು. ಮುಂದೆ ನಾಗಲೂಟಿ, ಪೆಚ್ಚೆರುವು, ನಮ್ಮವರು ಭೀಮನಕೊಳ್ಳವೆನ್ನುವ ಭೀಮುನಿಕೊಲನು. ತೆಲುಗಿನಲ್ಲಿ ಚೆರುವೆಂದರೆ ಕೆರೆ, ಕೊಲನೆಂದರೆ ಕೊಳ. ಹಿರಿಯರು ನೀರು ಕಂಡಲ್ಲಿ ಇಳಿದುಕೊಂಡರೆಂಬುದಕ್ಕೆ ಹೆಸರುಗಳೇ ಸಾಕ್ಷಿ. ಆ ಕೊಳ್ಳದಿಂದ ಕೈಲಾಸದ್ವಾರಕ್ಕೆ ಏರುವಾಗ ಮಾತು ನಿಂತು ಉಸಿರೊಂದೇ ಉಳಿಯುತ್ತದೆ.

ಮೊಣಕಾಲು ಸೋತ ನಾವೀಗ ದೋರ್ನಾಲದ ಘಟ್ಟವನ್ನು ಬಸ್ಸಿನಲ್ಲಿ ಏರುತ್ತೇವೆ. ನೋಟ ಸೊಗಸೇ, ಆದರೆ ಬೆಟ್ಟ ಬೇಗ ಮುಗಿದುಹೋಗುತ್ತದೆ. ನಡೆಯಬಲ್ಲ ಮಕ್ಕಳನ್ನು ನಡೆಯಲು ಬಿಡಿರಿ. ಅದು ಹುಲಿಗಳ ರಕ್ಷಿತಾರಣ್ಯವೆಂದೂ ಹೇಳಿ ಕಳುಹಿಸಿರಿ. ಪ್ಲಾಸ್ಟಿಕ್ ಬಾಟಲಿಗಳನ್ನು ಮಲ್ಲಯ್ಯನ ಅಡವಿಯಲ್ಲಿ ಎಸೆದುಬರುವುದು ಯಾವ ಭಕ್ತಿ? ಹೆಗಲಚೀಲದಲ್ಲಿ ತಂಬಿಗೆಯೊಂದಿರಲಿ, ಬಾಟಲಿ ಒಯ್ದವರು ಅದನ್ನು ಮರಳಿ ಮನೆಗೆ ತರಲಿ.